ರಕ್ತದ ಮಾದರಿಯಿಂದ ಕಾಫಿಯ ಬಟ್ಟಲಿಗೆ: ವೃತ್ತಿ ಬದಲಿಸಲು ಯೋಚಿಸುವ ಲ್ಯಾಬ್ ತಂತ್ರಜ್ಞರಿಗೆ

ಚಿಕ್ಕಮಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಒಂಬತ್ತು ವರ್ಷ ರಕ್ತ, ಮೂತ್ರ, ಕಫದ ಮಾದರಿಗಳನ್ನು ಪರೀಕ್ಷಿಸಿದ್ದೇನೆ. ಈಗ ಹಾಸನದ ಕಡೆ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಗುಣಮಟ್ಟದ ಪರೀಕ್ಷಕಿ. ಬೆಳಿಗ್ಗೆ ಮೂಟೆಗಳಿಂದ ಮಾದರಿ ತೆಗೆಯುತ್ತೇನೆ, ಕಾಳಿನ ದೋಷ ಎಣಿಸುತ್ತೇನೆ, ಹುರಿಸುತ್ತೇನೆ, ಬಟ್ಟಲುಗಳಲ್ಲಿ ಕಾಫಿ ಇಟ್ಟು ಚಮಚದಿಂದ ಹೀರಿ ರುಚಿ ಬರೆಯುತ್ತೇನೆ. ಈ ರುಚಿ ನೋಡುವ ಕ್ರಮಕ್ಕೆ ಕಪ್ಪಿಂಗ್ ಎನ್ನುತ್ತಾರೆ. ಹಳೆಯ ಸಹೋದ್ಯೋಗಿಗಳು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಅಕ್ಕ, ಅದಕ್ಕೂ ಇದಕ್ಕೂ ಏನು ಸಂಬಂಧ? ನಮ್ಮಿಂದಲೂ ಆಗುತ್ತದೆಯೇ?"

ಸಂಬಂಧ ಬಹಳ ಇದೆ. ಆದರೆ ಅದು ಹುದ್ದೆಯ ಹೆಸರಿನಲ್ಲಾಗಲಿ ಪದವಿಯ ಹೆಸರಿನಲ್ಲಾಗಲಿ ಕಾಣುವುದಿಲ್ಲ. ದಿನವಿಡೀ ಕೈ ಏನು ಮಾಡುತ್ತದೆ ಎಂದು ಬಿಡಿಸಿ ನೋಡಿದಾಗ ಕಾಣುತ್ತದೆ. ಹಾಗೆ ನೋಡದೆ ನಾನು ಎರಡು ವರ್ಷ ಸುಮ್ಮನೆ ಹಿಂಜರಿದೆ. ಆ ಎರಡು ವರ್ಷ ನಿಮಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಒಂದು ವಾರದ ಕೆಲಸವನ್ನು ಕ್ರಿಯಾಪದಗಳಲ್ಲಿ ಬರೆಯಿರಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿದಿನ ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಕುಳಿತು ಅಂದು ಮಾಡಿದ್ದನ್ನೆಲ್ಲ ಬರೆಯಿರಿ. "ಬಯೋಕೆಮಿಸ್ಟ್ರಿ ವಿಭಾಗ ನೋಡಿಕೊಂಡೆ" ಎಂದು ಬರೆದರೆ ಪ್ರಯೋಜನವಿಲ್ಲ. ತೂಗಿದೆ, ಅಳೆದೆ, ಚೀಟಿ ಅಂಟಿಸಿದೆ, ಎರಡು ಬಾರಿ ಹೆಸರು ಕೇಳಿ ಖಾತರಿ ಮಾಡಿಕೊಂಡೆ, ಯಂತ್ರ ಸರಿಯಿದೆಯೇ ಎಂದು ನೋಡಲು ಫಲಿತಾಂಶ ಗೊತ್ತಿರುವ ಕಂಟ್ರೋಲ್ ಓಡಿಸಿದೆ, ಹೆಪ್ಪುಗಟ್ಟಿದ ಮಾದರಿಯನ್ನು ತಿರಸ್ಕರಿಸಿದೆ, ವಾರ್ಡಿನ ಸಿಸ್ಟರ್ ಬೈದರೂ ಮತ್ತೆ ರಕ್ತ ಕಳುಹಿಸಿ ಎಂದೆ. ಹೀಗೆ.

ಕೊನೆಯದು ಮುಖ್ಯ. ಸಂಬಳದ ಚೀಟಿಯಲ್ಲಾಗಲಿ ಅನುಭವ ಪತ್ರದಲ್ಲಾಗಲಿ ಅದು ಎಲ್ಲಿಯೂ ಇರುವುದಿಲ್ಲ. ಒತ್ತಡ ಇದ್ದರೂ ಕೆಟ್ಟ ಮಾದರಿಯನ್ನು ಯಂತ್ರಕ್ಕೆ ಹಾಕದಿರುವ ಗಟ್ಟಿತನ ನಿಮ್ಮ ದೊಡ್ಡ ಆಸ್ತಿ. ಕಾಫಿಯಲ್ಲಿ ಅದಕ್ಕೆ ಬೆಲೆ ಇದೆ.

2. ಹೊಸ ಕೆಲಸವನ್ನು ಸುಗ್ಗಿಯಲ್ಲಿ ನಿಂತು ನೋಡಿ

ಕಾಫಿ ಎಂದರೆ ಹವಾನಿಯಂತ್ರಿತ ಕೋಣೆಯಲ್ಲಿ ಬಿಳಿ ಬಟ್ಟಲು ಎಂಬ ಕಲ್ಪನೆ ಇದ್ದರೆ ಡಿಸೆಂಬರ್ ಅಥವಾ ಜನವರಿಯಲ್ಲಿ ಎರಡು ದಿನ ರಜೆ ಹಾಕಿ. ಆಲ್ದೂರು, ಮೂಡಿಗೆರೆ, ಸಕಲೇಶಪುರ, ಎಲ್ಲಿಯಾದರೂ ಪರಿಚಯದವರ ತೋಟ ಇದ್ದೇ ಇರುತ್ತದೆ. ಅರೇಬಿಕಾ ಕೊಯ್ಲು ನಡೆಯುವ ಹೊತ್ತು. ಸಂಜೆ ಹಣ್ಣು ಅಳೆದು ಸಿಪ್ಪೆ ಸುಲಿಯುವ ಯಂತ್ರಕ್ಕೆ, ಅಂದರೆ ಪಲ್ಪರಿಗೆ, ಹಾಕುವುದನ್ನು ನೋಡಿ. ತೊಟ್ಟಿಯಲ್ಲಿ ಅಂಟು ಬಿಡಲು ಇಟ್ಟ ಬೀಜವನ್ನು ಮುಟ್ಟಿ ನೋಡಿ. ಮರುದಿನ ಕಣದಲ್ಲಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ಇರುವ ಬೀಜ) ಹರಡಿ ಕೈಯಾಡಿಸುವವರ ಜೊತೆ ನಿಲ್ಲಿ. ಆಮೇಲೆ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ. ಧೂಳು, ಯಂತ್ರದ ಸದ್ದು, ಲಾರಿಯ ಸರತಿ, ತೂಕದ ಬಳಿ ನಡೆಯುವ ವಾದ ಎಲ್ಲವೂ ಅಲ್ಲಿವೆ. ಬಟ್ಟಲಿನ ಮುಂದೆ ಕೂರುವುದು ದಿನದ ಒಂದೆರಡು ಗಂಟೆ ಮಾತ್ರ.

ಆ ಎರಡು ದಿನಗಳ ಕೆಲಸವನ್ನೂ ಅದೇ ನೋಟ್‌ಬುಕ್ಕಿನ ಎದುರು ಪುಟದಲ್ಲಿ ಕ್ರಿಯಾಪದಗಳಲ್ಲೇ ಬರೆಯಿರಿ. ಹೋಲಿಕೆಗೆ ಈಗ ಆಧಾರ ಸಿಕ್ಕಿತು.

3. ಯಾವುದು ಜೊತೆಗೆ ಬರುತ್ತದೆ

ಮೊದಲನೆಯದು ಮಾದರಿ ತೆಗೆಯುವ ಶಿಸ್ತು. ರಕ್ತ ಎಳೆಯುವಾಗ ಸಿರಿಂಜನ್ನು ಜೋರಾಗಿ ಒತ್ತಿದರೆ, ಟ್ಯೂಬನ್ನು ಕುಲುಕಿದರೆ ಕೆಂಪು ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳೇ ಹೆಚ್ಚು ಬರುತ್ತದೆ. ಯಂತ್ರದ ತಪ್ಪಲ್ಲ, ರೋಗಿಯ ತಪ್ಪೂ ಅಲ್ಲ. ಕಾಫಿಯಲ್ಲೂ ಹೀಗೆಯೇ. ನೂರು ಮೂಟೆಯ ಲಾಟಿನಲ್ಲಿ ಬಾಗಿಲ ಬಳಿಯ ನಾಲ್ಕು ಮೂಟೆಯ ಮೇಲ್ಭಾಗದಿಂದ ಕಾಳು ತೆಗೆದರೆ ನೀವು ಪರೀಕ್ಷಿಸಿದ್ದು ಆ ನಾಲ್ಕು ಮೂಟೆಯ ಬಾಯಿಯನ್ನು ಮಾತ್ರ. ಕೊಳವೆ ಚುಚ್ಚಿ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು, ಒಟ್ಟು ಬೆರೆಸಿ, ರಾಶಿ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಉಳಿಸಿ ಮತ್ತೆ ಬೆರೆಸಬೇಕು. ಇದನ್ನು ಬೇಸರವಿಲ್ಲದೆ ದಿನವೂ ಮಾಡುವವರು ಕಡಿಮೆ. ಲ್ಯಾಬಿನಿಂದ ಬಂದವರಿಗೆ ಇದು ಅಭ್ಯಾಸ.

ಎರಡನೆಯದು ಹೆಸರು ಮುಚ್ಚಿ ಪರೀಕ್ಷಿಸುವುದು. ನಮಗೆ ರೋಗಿ ಒಂದು ಸಂಖ್ಯೆ. ಕಪ್ಪಿಂಗ್ ಮೇಜಿನ ಮೇಲೂ ತೋಟದ ಹೆಸರು ಇರಬಾರದು. ಹೆಸರಾಂತ ತೋಟದ ಕಾಫಿ ಎಂದು ತಿಳಿದ ಕೂಡಲೇ ನಾಲಿಗೆ ಅಂಕ ಕೊಡಲು ಶುರು ಮಾಡುತ್ತದೆ.

ಮೂರನೆಯದು ಪುನರಾವರ್ತನೆಯ ಅರ್ಥ ತಿಳಿದಿರುವುದು. ಸ್ಪೆಷಾಲ್ಟಿ ಕಾಫಿಯ, ಅಂದರೆ ಮೇಲ್ದರ್ಜೆಯ ಕಾಫಿಯ, ರೂಢಿಯ ಕ್ರಮದಲ್ಲಿ ಒಂದು ಮಾದರಿಗೆ ಐದು ಬಟ್ಟಲು ಇಡುತ್ತಾರೆ. ಪ್ರತಿ ಬಟ್ಟಲಿಗೂ ಕಾಳನ್ನು ಬೇರೆಯಾಗಿ ತೂಗಿ ಬೇರೆಯಾಗಿಯೇ ಪುಡಿ ಮಾಡಬೇಕು. ಏಕೆಂದರೆ ಕೊಳೆತ ನಾತದ ಒಂದೇ ಒಂದು ಕಾಳು ಬಟ್ಟಲನ್ನು ಪೂರ್ತಿ ಕೆಡಿಸಬಲ್ಲದು. ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿದರೆ ಆ ನಾತ ಐದಕ್ಕೂ ತೆಳುವಾಗಿ ಹರಡಿ "ಕಾಫಿ ಸ್ವಲ್ಪ ಸಪ್ಪೆ" ಎಂದು ಬರೆಯುತ್ತೀರಿ. ಬೇರೆ ಬೇರೆ ಮಾಡಿದರೆ ನಾಲ್ಕು ಬಟ್ಟಲು ಚೆನ್ನಾಗಿದ್ದು ಐದನೆಯದು ಮಾತ್ರ ಕೂಗಿ ಹೇಳುತ್ತದೆ. ಆಗ ತೊಂದರೆ ಇಡೀ ತೋಟದ್ದಲ್ಲ, ಯಾವುದೋ ಒಂದು ದಿನ ಪಲ್ಪರಿನಲ್ಲೋ ತೊಟ್ಟಿಯಲ್ಲೋ ಹಿಂದಿನ ದಿನದ ಬೀಜ ಉಳಿದುಹೋಗಿತ್ತು ಎಂದು ಬೆಳೆಗಾರರಿಗೆ ಹೇಳಬಹುದು. ಬೆಳಿಗ್ಗೆ ಎರಡು ಮಟ್ಟದ ಕಂಟ್ರೋಲ್ ಓಡಿಸಿ ನಕ್ಷೆಯಲ್ಲಿ ಚುಕ್ಕಿ ಇಟ್ಟು, ಯಾದೃಚ್ಛಿಕ ತಪ್ಪು ಯಾವುದು, ಒಂದೇ ದಿಕ್ಕಿಗೆ ಜಾರುವ ತಪ್ಪು ಯಾವುದು ಎಂದು ನೋಡಿದವರಿಗೆ ಈ ತರ್ಕವನ್ನು ಕಲಿಸಬೇಕಾಗಿಲ್ಲ.

ನಾಲ್ಕನೆಯದು ನೇರ ತಾಂತ್ರಿಕ ಸೇತುವೆ. ಬಹಳ ಜನರಿಗೆ ಇದು ತಿಳಿದಿಲ್ಲ. ಸರಿಯಾಗಿ ಒಣಗದ ಕಾಫಿಯಲ್ಲಿ ಬೂಷ್ಟು ಬೆಳೆದು ಓಕ್ರಟಾಕ್ಸಿನ್ ಎಂಬ ವಿಷ ಸೇರಬಹುದು. ಯುರೋಪಿಯನ್ ಒಕ್ಕೂಟ ಹುರಿದ ಕಾಫಿಗೆ 2023ರಿಂದ ಕಿಲೋಗೆ 3 ಮೈಕ್ರೋಗ್ರಾಂ ಮಿತಿ ಹಾಕಿದೆ. ಮೊದಲು 5 ಇತ್ತು. ಇದನ್ನು ಅಳೆಯಲು ಬಳಸುವ ವಿಧಾನಗಳಲ್ಲಿ, ನಮ್ಮ ಲ್ಯಾಬುಗಳಲ್ಲಿ ಪ್ರತಿಕಾಯ ಬಳಸಿ ಮಾಡುವ ಎಲಿಸಾ ಪರೀಕ್ಷೆ ಕೂಡ ಒಂದು. ಎಲಿಸಾ ತಟ್ಟೆಗೆ ಪಿಪೆಟ್ ಹಿಡಿದ ಅನುಭವ ನಿಮಗಿದ್ದರೆ, ರುಚಿ ಕಲಿಯುವ ಮೊದಲೇ ಈ ಬಾಗಿಲಿನಿಂದ ಒಳಗೆ ಹೋಗಬಹುದು.

4. ಯಾವುದು ಇಲ್ಲ: ನಾಲಿಗೆ

ಇಲ್ಲಿ ಯಾರೂ ನಿಮಗೆ ಸುಳ್ಳು ಧೈರ್ಯ ಹೇಳಬಾರದು. ಲ್ಯಾಬಿನಲ್ಲಿ ಯಂತ್ರ ಅಂಕಿ ಕೊಡುತ್ತದೆ; ಇಲ್ಲಿ ಯಂತ್ರ ನೀವೇ. ಕೆಲಸ ಬಿಡುವ ಮೊದಲು ಆ ಯಂತ್ರ ಹೇಗಿದೆ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಖರ್ಚು ಬಹಳ ಕಡಿಮೆ.

ಒಂದೇ ರೀತಿಯ ಮೂರು ಲೋಟ ತೆಗೆದುಕೊಳ್ಳಿ. ಎರಡರಲ್ಲಿ ಬರಿಯ ನೀರು, ಒಂದರಲ್ಲಿ ಲೀಟರಿಗೆ 10 ಗ್ರಾಂ ಸಕ್ಕರೆ ಕರಗಿಸಿದ ನೀರು. ಲೋಟ ಜೋಡಿಸುವವರು ಮನೆಯ ಬೇರೊಬ್ಬರಾಗಿರಲಿ, ತಳದಲ್ಲಿ ಗುರುತು ಇರಲಿ. ಭಿನ್ನವಾದದ್ದನ್ನು ಹುಡುಕಿ. ಸುಲಭವಾಗಿ ಸಿಕ್ಕರೆ ಸಕ್ಕರೆಯನ್ನು 5 ಗ್ರಾಂಗೆ ಇಳಿಸಿ. ಹಾಗೆಯೇ ಉಪ್ಪು, ನಿಂಬೆರಸ. ಆಮೇಲೆ ಕಾಫಿಗೆ ಬನ್ನಿ: ಒಂದೇ ಪುಡಿ, ಎರಡು ಲೋಟ ಸರಿಯಾದ ಹದದಲ್ಲಿ, ಮೂರನೆಯದು ಹತ್ತರಲ್ಲಿ ಒಂದು ಪಾಲು ತೆಳು. ಹಾಲು, ಸಕ್ಕರೆ ಬೇಡ. ನಮ್ಮ ಅಂಗಡಿಗಳ ಪುಡಿಯಲ್ಲಿ ಚಿಕೋರಿ ಇರುವುದೇ ಹೆಚ್ಚು, ಆದ್ದರಿಂದ ಚಿಕೋರಿ ಇಲ್ಲದ ಪುಡಿಯನ್ನು ಕೇಳಿ ತರಿತರಿಯಾಗಿ ಹಾಕಿಸಿಕೊಳ್ಳಿ.

ಇಂಥ ಆರು ಸುತ್ತು ಮಾಡಿ ಅಂಕ ಬರೆಯಿರಿ. ಬರಿಯ ಊಹೆಯಿಂದ ಪ್ರತಿ ಸುತ್ತಿನಲ್ಲಿ ಮೂರಕ್ಕೆ ಒಂದು ಪಾಲು ಸರಿಯಾಗುವ ಸಾಧ್ಯತೆ ಇದೆ. ಹಾಗಾಗಿ ಆರರಲ್ಲಿ ಎರಡು ಸರಿ ಬಂದರೆ ಸಂತೋಷಪಡಬೇಡಿ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವುದು ಅದೃಷ್ಟದಿಂದಲೂ ನೂರಕ್ಕೆ ಹತ್ತು ಸಲ ಆಗುತ್ತದೆ. ಐದು ಅಥವಾ ಆರು ಸರಿ ಬರುವುದು ಅದೃಷ್ಟದಿಂದ ನೂರಕ್ಕೆ ಎರಡು ಸಲಕ್ಕಿಂತ ಕಡಿಮೆ. ಬೇರೆ ಬೇರೆ ದಿನ ಮಾಡಿಯೂ ಐದರಿಂದ ಕೆಳಗಿಳಿಯದಿದ್ದರೆ ನಿಮ್ಮ ನಾಲಿಗೆ ಕೆಲಸಕ್ಕೆ ಬರುತ್ತದೆ. ನನಗೆ ಮೊದಲ ವಾರ ಮೂರು ಮಾತ್ರ ಸರಿ ಬಂತು. ಎರಡು ತಿಂಗಳು ವಾರಕ್ಕೆ ಮೂರು ದಿನ ಮಾಡಿದ ಮೇಲೆ ಐದಕ್ಕೆ ಏರಿತು. ನಾಲಿಗೆ ಹುಟ್ಟಿನಿಂದ ಬರುವ ವರ ಎಂಬ ಮಾತನ್ನು ಪೂರ್ತಿ ನಂಬಬೇಡಿ.

ಇದು ಬಂದ ಮೇಲೆ ನಿಜವಾದ ಕಪ್ಪಿಂಗ್ ಕ್ರಮ ಕಲಿಯಿರಿ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ. ಮೊದಲು ಒಣ ಪುಡಿಯ ಘಮ. ಸುಮಾರು 93 ಡಿಗ್ರಿ ಸೆಲ್ಸಿಯಸ್‌ನ ನೀರು ಹೊಯ್ದು ನಾಲ್ಕು ನಿಮಿಷ ಬಿಡಿ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆಯುವಾಗ ಮೂಗು ಬಟ್ಟಲಿಗೆ ಹತ್ತಿರ ಇರಲಿ. ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಸದ್ದು ಬರುವಂತೆ ಹೀರಿ. ಕಾಫಿ ತುಂತುರಾಗಿ ಬಾಯಿ ಪೂರ್ತಿ ಹರಡಬೇಕು. ಸದ್ದು ಮಾಡಿ ಕುಡಿಯಬಾರದು ಎಂದು ಮನೆಯಲ್ಲಿ ಕಲಿಸಿದ್ದನ್ನು ಇಲ್ಲಿ ಬದಿಗಿಡಬೇಕು. ಬಿಸಿಯಲ್ಲಿ ಒಮ್ಮೆ, ಬೆಚ್ಚಗಿರುವಾಗ ಒಮ್ಮೆ, ತಣ್ಣಗಾದಾಗ ಒಮ್ಮೆ ನೋಡಿ. ಕೆಲವು ದೋಷಗಳು ತಣ್ಣಗಾದಾಗಲೇ ಹೊರಬರುತ್ತವೆ.

5. ರುಚಿಗೆ ನಿಮ್ಮ ಊರಿನ ಹೆಸರು ಇಡಿ

ಇದು ನನಗೆ ತುಂಬ ಹತ್ತಿರದ ವಿಷಯ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ರುಚಿ ಗುರುತಿಸಲು ಜಗತ್ತಿನಾದ್ಯಂತ ಬಳಸುವ ಚಕ್ರಾಕಾರದ ನಕ್ಷೆಯೊಂದಿದೆ. ಈಗಿನದು 2016ರಲ್ಲಿ ಪರಿಷ್ಕರಣೆಯಾದದ್ದು. ಅದರಲ್ಲಿ ಬ್ಲೂಬೆರ್ರಿ, ರಾಸ್ಪ್‌ಬೆರ್ರಿ, ಮೇಪಲ್ ಸಿರಪ್ ಇವೆ. ಮಲೆನಾಡಿನಲ್ಲಿ ಬೆಳೆದ ನಾನು ಇವುಗಳನ್ನು ಬಾಯಿಗೆ ಹಾಕಿಯೇ ಇರಲಿಲ್ಲ. ಆರು ತಿಂಗಳು ನನ್ನ ನಾಲಿಗೆಯೇ ಮೊಂಡು ಎಂದುಕೊಂಡಿದ್ದೆ. ಒಂದು ದಿನ ನನಗೆ ಕಲಿಸುತ್ತಿದ್ದ ಹಿರಿಯರು ಬಟ್ಟಲು ತೋರಿಸಿ, "ನಕ್ಷೆ ಬಿಡಮ್ಮ, ಅಜ್ಜಿಯ ಮನೆಯಲ್ಲಿ ಇದನ್ನು ಏನು ಎನ್ನುತ್ತಿದ್ದಿರಿ, ಅದನ್ನು ಹೇಳು" ಎಂದರು. ನನ್ನ ಬಾಯಿಂದ ತಟ್ಟನೆ ಬಂದದ್ದು "ಹಳೆ ಜೋನಿ ಬೆಲ್ಲ". ಅವರು ತಲೆಯಾಡಿಸಿದರು.

ಕನ್ನಡದಲ್ಲಿ ರುಚಿ, ವಾಸನೆಗೆ ಪದಗಳ ಕೊರತೆ ಇಲ್ಲ. ನಾಲಿಗೆ ಹಿಡಿದಂತಾಗುವುದಕ್ಕೆ ಒಗರು. ಎಣ್ಣೆ ಹಳತಾದರೆ ಕಮಟು. ಮಳೆಗಾಲದ ಬಟ್ಟೆಯಂತಿದ್ದರೆ ಮುಗ್ಗಲು. ತಳ ಹಿಡಿದರೆ ಸೀದದ್ದು. ಹಳೆಯ ಮೂಟೆಯ ಕಾಫಿಗೆ ಗೋಣಿ ವಾಸನೆ. ಹುಳಿಯಲ್ಲೇ ನಿಂಬೆ, ಮೂಸಂಬಿ, ಹುಣಸೆ, ಮುರುಗಲು, ಹುಳಿ ಮಜ್ಜಿಗೆ ಎಲ್ಲ ಬೇರೆ ಬೇರೆ ಎಂದು ನಮಗೆ ಗೊತ್ತು. ಮೊದಲು ಈ ಪದಗಳಲ್ಲಿ ಬರೆಯಿರಿ. ಎದುರಿಗೆ ನಕ್ಷೆಯ ಪದವನ್ನು ನಿಧಾನವಾಗಿ ಹೊಂದಿಸಿ: ಮೂಸಂಬಿಯ ಹುಳಿ ಸಿಟ್ರಿಕ್ ಆಮ್ಲದ ಕಡೆ, ಮೊಸರಿನದು ಲ್ಯಾಕ್ಟಿಕ್ ಆಮ್ಲದ ಕಡೆ. ಖರೀದಿದಾರರಿಗೆ ಇಂಗ್ಲಿಷ್ ಪದ ಬೇಕು, ಅದನ್ನು ಕಲಿಯಲೇಬೇಕು. ಆದರೆ ನೆನಪು ಕುಳಿತಿರುವುದು ನಮ್ಮ ಪದಗಳಲ್ಲಿ. "ಚಿಕ್ಕಮಗಳೂರು ಅರೇಬಿಕಾ" ಮತ್ತು "ಬಾಬಾಬುಡನ್‌ಗಿರಿ ಅರೇಬಿಕಾ" ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಿದೆ. ಇವೆರಡರ ನಡುವಿನ ಭೇದವನ್ನು ಇಲ್ಲಿಯ ಬೆಳೆಗಾರರಿಗೆ ಅರ್ಥವಾಗುವಂತೆ ಹೇಳಬಲ್ಲವರು ಬೇಕಾಗಿದ್ದಾರೆ.

6. ಬಿಡಬೇಕಾದದ್ದು

ಎಲೆ ಅಡಿಕೆ, ತಂಬಾಕು, ಸುಗಂಧ ದ್ರವ್ಯ, ಕೆಲಸಕ್ಕೆ ಮುಂಚೆ ಖಾರದ ತಿಂಡಿ. ಇವು ಸುಲಭ.

ಕಷ್ಟದ್ದು ಬೇರೆ. ಲ್ಯಾಬಿನಲ್ಲಿ ಪ್ರತಿ ಪರೀಕ್ಷೆಗೂ ಸಹಜ ಮಿತಿ ಮುದ್ರಿತವಾಗಿರುತ್ತದೆ. ಅದರ ಒಳಗಿದ್ದರೆ ಸರಿ, ಹೊರಗಿದ್ದರೆ ನಕ್ಷತ್ರ ಗುರುತು. ಕಾಫಿಯಲ್ಲಿ ತೇವಾಂಶಕ್ಕೆ ಅಂಥ ಮಿತಿ ಇದೆ: ಅರೇಬಿಕಾ ಪಾರ್ಚ್‌ಮೆಂಟನ್ನು ಶೇ. 10ಕ್ಕೆ ಒಣಗಿಸುತ್ತಾರೆ. ಗಾತ್ರಕ್ಕೂ ಇದೆ: ಪ್ಲಾಂಟೇಷನ್ ಎ ದರ್ಜೆಯ ಕಾಳು 6.65 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲಬೇಕು. ರುಚಿಗೆ ಮಾತ್ರ ಹಾಗಿಲ್ಲ. ಒಬ್ಬ ಖರೀದಿದಾರರಿಗೆ ಬೇಕಾದ ಹಣ್ಣಿನ ಹುಳಿ ಇನ್ನೊಬ್ಬರ ಫಿಲ್ಟರ್ ಕಾಫಿಗೆ ದೋಷ. ಮೇಜಿನ ಸುತ್ತ ನಾಲ್ವರು ನಿಂತು ನೂರಕ್ಕೆ 81, 82, 84, 79 ಎಂದು ಅಂಕ ಕೊಟ್ಟಾಗ ಸತ್ಯ ಯಾವುದು ಎಂದು ನಾನು ಮೊದಮೊದಲು ನಿದ್ದೆಗೆಟ್ಟಿದ್ದೇನೆ. ನಾಲ್ವರೂ ಒಂದೇ ಬಟ್ಟಲಿನ ಬಗ್ಗೆ ಮಾತಾಡಿ ಅಂತರ ಕಡಿಮೆ ಮಾಡಿಕೊಳ್ಳುವುದೇ ಇಲ್ಲಿಯ ಕ್ಯಾಲಿಬ್ರೇಷನ್. ವಾದ ಮಾಡಲು, ಸೋಲಲು, ಅಂಕ ತಿದ್ದಲು ಕಲಿಯಬೇಕು.

ಇನ್ನೊಂದು: ಲ್ಯಾಬಿನ ವರದಿ ವೈದ್ಯರಿಗೆ ಹೋಗುತ್ತದೆ, ಕೆಟ್ಟ ಸುದ್ದಿ ಹೇಳುವವರು ಅವರು. ಇಲ್ಲಿ ವರ್ಷವಿಡೀ ದುಡಿದ ಬೆಳೆಗಾರರ ಮುಖ ನೋಡಿ "ನಿಮ್ಮ ಕಾಫಿ ಅತಿಯಾಗಿ ಹುದುಗಿದೆ" ಎಂದು ನೀವೇ ಹೇಳಬೇಕು. ಹಾಗೆ ಹೇಳುವಾಗ ಕಾರಣವನ್ನೂ ಮುಂದಿನ ವಾರದ ಕೊಯ್ಲಿಗೆ ಏನು ಮಾಡಬಹುದು ಎಂಬುದನ್ನೂ ಜೊತೆಗೇ ಹೇಳಿ. ಬರಿಯ ತೀರ್ಪು ಕೊಟ್ಟರೆ ಅವರು ಮತ್ತೆ ಬರುವುದಿಲ್ಲ, ಅವರ ಕಾಫಿಯೂ ಸುಧಾರಿಸುವುದಿಲ್ಲ.

7. ಕಾಗದದ ಅರ್ಹತೆ

ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಒಂದು ವರ್ಷದ್ದು. ಒಂದು ಭಾಗ ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ, ಉಳಿದದ್ದು ಬೆಂಗಳೂರಿನಲ್ಲಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಷ್ಟು ಹಳೆಯದು. ನಮ್ಮ ಜಿಲ್ಲೆಯಲ್ಲೇ ಇದ್ದರೂ ಒಮ್ಮೆಯೂ ನೋಡದವರು ನಮ್ಮಲ್ಲಿ ಬಹಳ. ಡಿಪ್ಲೊಮಾಕ್ಕೆ ಜೀವವಿಜ್ಞಾನ, ರಸಾಯನವಿಜ್ಞಾನ, ಕೃಷಿ, ಆಹಾರ ವಿಜ್ಞಾನದಂಥ ವಿಷಯಗಳಲ್ಲಿ ಪದವಿ ಬೇಕು. ಆಯ್ಕೆಯಲ್ಲಿ ಸಂದರ್ಶನದ ಜೊತೆ ರುಚಿ, ವಾಸನೆಯ ಪರೀಕ್ಷೆಯೂ ಇರುತ್ತದೆ. ನಾಲ್ಕನೆಯ ಹೆಜ್ಜೆಯ ಅಭ್ಯಾಸ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಪಿಯುಸಿ ನಂತರ ಲ್ಯಾಬ್ ಡಿಪ್ಲೊಮಾ ಮಾತ್ರ ಮಾಡಿದವರಿಗೆ ಈ ದಾರಿ ಸದ್ಯಕ್ಕೆ ಮುಚ್ಚಿದೆ. ಇದನ್ನು ಅರ್ಜಿ ಶುಲ್ಕ ಕಟ್ಟುವ ಮೊದಲೇ ತಿಳಿದುಕೊಳ್ಳಿ. ಬಿ.ಎಸ್ಸಿ. ಲ್ಯಾಬ್ ತಂತ್ರಜ್ಞಾನದವರು ಆ ವರ್ಷದ ಪ್ರಕಟಣೆಯಲ್ಲಿ ತಮ್ಮ ಪದವಿ ಸೇರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಪದವಿ ಇಲ್ಲದವರಿಗೆ ಬೇರೆ ದಾರಿಗಳಿವೆ: ಹುರಿಯುವುದು ಮತ್ತು ಕಾಫಿ ತಯಾರಿಕೆ ಕುರಿತು ಮಂಡಳಿಯ ಅಲ್ಪಾವಧಿ ತರಬೇತಿ "ಕಾಪಿ ಶಾಸ್ತ್ರ", ಮತ್ತು ಕಾಫಿ ರುಚಿ ನೋಡುವವರಿಗೆ ಅಂತರರಾಷ್ಟ್ರೀಯ ಮಾನ್ಯತೆ ಕೊಡುವ ಕ್ಯೂ ಗ್ರೇಡರ್ ಪರೀಕ್ಷೆ. ಕ್ಯೂ ಗ್ರೇಡರ್‌ಗೆ ಬೇಕಾಗಿರುವುದು ಪದವಿಯಲ್ಲ, ನಾಲಿಗೆ ಮತ್ತು ಮೂಗು. ಆದರೆ ಅದರ ಶುಲ್ಕ ಭಾರಿ. ಕನಿಷ್ಠ ಒಂದು ಸುಗ್ಗಿ ಯಾರದಾದರೂ ಕೈಕೆಳಗೆ ಬಟ್ಟಲು ನೋಡದೆ ಅದಕ್ಕೆ ಹಣ ಕಟ್ಟಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

8. ಹಣ ಮತ್ತು ರಾಜೀನಾಮೆ

ಸಂಬಳದ ಮೊತ್ತಕ್ಕಿಂತ ಮೊದಲು ಇದನ್ನು ಕೇಳಿ: ಕೆಲಸ ವರ್ಷಪೂರ್ತಿಯೋ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರವೋ? ತೋಟಗಳಲ್ಲಿ ಸಿಗುವುದು ಹೆಚ್ಚಾಗಿ ಸುಗ್ಗಿಯ ಕೆಲಸ. ಕ್ಯೂರಿಂಗ್ ವರ್ಕ್ಸ್, ರಫ್ತುದಾರರು, ಹುರಿಯುವ ಘಟಕಗಳಲ್ಲಿ ವರ್ಷಪೂರ್ತಿ ಇರುತ್ತದೆ. ಸುಗ್ಗಿಯ ಕೆಲಸ ಒಪ್ಪುವುದಾದರೆ ಉಳಿದ ತಿಂಗಳುಗಳಿಗೆ ಲ್ಯಾಬಿನ ಪಾಳಿ ಬೇಕಾಗುತ್ತದೆ. ಹಾಗಾಗಿ ಪ್ಯಾರಾಮೆಡಿಕಲ್ ನೋಂದಣಿಯನ್ನು ಕೈಬಿಡಬೇಡಿ.

ಭವಿಷ್ಯ ನಿಧಿಯನ್ನು ತೆಗೆದು ಖರ್ಚು ಮಾಡಬೇಡಿ, ಹೊಸ ಸಂಸ್ಥೆಗೆ ವರ್ಗಾಯಿಸಿ. ಐದು ವರ್ಷ ನಿರಂತರ ಸೇವೆ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಮತ್ತು ಮಾಸಿಕ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ನಾನು ಒಂಬತ್ತು ವರ್ಷಕ್ಕೆ ಬಿಟ್ಟವಳು. ವರ್ಗಾಯಿಸಿದ್ದರಿಂದ ಆ ಒಂಬತ್ತೂ ಲೆಕ್ಕಕ್ಕೆ ಉಳಿದವು. ಅನುಭವ ಪತ್ರ, ಬಿಡುಗಡೆ ಪತ್ರ ಎರಡನ್ನೂ ಕೈಯಲ್ಲಿ ಪಡೆದೇ ಹೊರಡಿ.

9. ಅರ್ಜಿಯನ್ನು ಅವರ ಭಾಷೆಗೆ ತಿರುಗಿಸಿ

"ಹೆಮಟಾಲಜಿ, ಬಯೋಕೆಮಿಸ್ಟ್ರಿಯಲ್ಲಿ ಒಂಬತ್ತು ವರ್ಷ" ಎಂದರೆ ಕಾಫಿಯವರಿಗೆ ಏನೂ ತಿಳಿಯುವುದಿಲ್ಲ. ನೋಟ್‌ಬುಕ್ಕಿನ ಎರಡು ಪುಟಗಳನ್ನು ಎದುರಿಟ್ಟುಕೊಂಡು ಹೀಗೆ ಬರೆಯಿರಿ: "ದಿನಕ್ಕೆ ಇಷ್ಟು ಮಾದರಿಗಳನ್ನು ಗುರುತು ತಪ್ಪದಂತೆ ನಿರ್ವಹಿಸಿದ್ದೇನೆ. ತೂಕದ ಯಂತ್ರ, ಪಿಪೆಟ್‌ಗಳ ಕ್ಯಾಲಿಬ್ರೇಷನ್ ದಾಖಲೆ ನನ್ನ ಜವಾಬ್ದಾರಿಯಾಗಿತ್ತು. ಅನುಮಾನದ ಫಲಿತಾಂಶವನ್ನು ಮರುಪರೀಕ್ಷೆ ಮಾಡದೆ ಹೊರಗೆ ಕಳುಹಿಸಿಲ್ಲ. ಎಲಿಸಾ ಪರೀಕ್ಷೆ ಮಾಡಬಲ್ಲೆ." ಸಂಖ್ಯೆ ನಿಮ್ಮದೇ ಇರಲಿ, ನಿಜವೇ ಇರಲಿ. ಜೊತೆಗೆ ಮನೆಯ ಮೂರು ಲೋಟದ ಪರೀಕ್ಷೆಯ ದಿನಾಂಕ, ಅಂಕಗಳ ಪುಟವನ್ನು ಲಗತ್ತಿಸಿ. ನನ್ನ ಸಂದರ್ಶನದಲ್ಲಿ ಪ್ರಮಾಣಪತ್ರಗಳನ್ನು ಒಂದು ನಿಮಿಷ ನೋಡಿದವರು ಆ ಪುಟವನ್ನು ಹತ್ತು ನಿಮಿಷ ನೋಡಿದರು. ಮೊದಲ ವಾರದ ಮೂರು ಅಂಕವನ್ನು ಅಳಿಸದೆ ಇಟ್ಟಿದ್ದೇಕೆ ಎಂದು ಕೇಳಿದರು. ಲ್ಯಾಬಿನಲ್ಲಿ ಯಾವ ದಾಖಲೆಯನ್ನೂ ಅಳಿಸುವುದಿಲ್ಲ, ತಪ್ಪಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತೇವೆ ಎಂದೆ. ಮರುದಿನದಿಂದ ಕೆಲಸಕ್ಕೆ ಬರಬಹುದೇ ಎಂದರು.

ಅರ್ಜಿಯನ್ನು ಅಕ್ಟೋಬರ್ ಒಳಗೆ ಕೊಡಿ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಲು ಶುರುವಾದರೆ ನಿಮ್ಮ ಪುಟಗಳನ್ನು ಕುಳಿತು ಓದಲು ಇಲ್ಲಿ ಯಾರಿಗೂ ಬಿಡುವಿರುವುದಿಲ್ಲ.